ಎರಡು ಗೇಣಿನ ಜಾಗ

"ನಿಂತ್ಕೋ ಅಂದೆನಲ್ಲ, ಅಣ್ಣ. ನೀನೇ ಅಳತೆ ಕೊಟ್ಟ ಜಾಗ. ಹೆದರಿಕೆ ಯಾಕೆ?"

ತಂಗಿ ದರ್ಜಿ. ಟೇಪು ಹಿಡಿದು ಅಳೆದು, ಎರಡು ಗೇಣು ಅಗಲದ ಲೈನಿಂಗ್ ಬಟ್ಟೆಯನ್ನು ನಡುಮನೆಯ ನೆಲಕ್ಕೆ ಉದ್ದಕ್ಕೂ ಹಾಸಿದ್ದಳು. ಅಣ್ಣ ರಸ್ತೆಗಳ ನಕ್ಷೆ ಬರೆಯುವವನು. ಆಸ್ಪತ್ರೆಯಿಂದ ಬಂದ ತಂಗಿಯ ಗಂಡನನ್ನು ನೋಡಲು ಹಣ್ಣು ಹಿಡಿದು ಬಂದಿದ್ದ. ಕಂಕುಳಲ್ಲಿ ಹೊಸ ರಸ್ತೆಯ ನಕ್ಷೆಯ ಸುರುಳಿ. ಇದರಲ್ಲೂ ತಾನೇ ಬರೆದ ಹಳೇ ರಸ್ತೆಯ ಹಾಗೇ ನಡುವೆ ಎರಡು ಗೇಣಿನ ಡಿವೈಡರು, ಅದರ ತುಂಬ ಹೂಗಿಡ ಎಂದು ಮಾತಿನ ಭರದಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಆ ಹಳೇ ಡಿವೈಡರಿನ ಗಿಡ ಕತ್ತರಿಸುವ ಕೆಲಸದಲ್ಲಿದ್ದಾಗಲೇ ಅವಳ ಗಂಡನ ಕಾಲ ಮೇಲೆ ಲಾರಿ ಹರಿದದ್ದು.

ಅಣ್ಣ ಬಟ್ಟೆಯ ಮೇಲೆ ನಿಂತ. ದೇವರು ಮನುಷ್ಯನಿಗೆ ಕೊಟ್ಟ ಪಾದ ಬಹಳ ಜಾಗ ಕೇಳುವುದಿಲ್ಲ. ಜಾಗ ಸಾಕಾಯಿತು.

"ನೋಡು, ಆರಾಮಾಗಿ ನಿಂತಿದೀನಿ," ಎಂದ ಗೆದ್ದವನಂತೆ.

"ಗಿಡ ಎಲ್ಲಿ?"

ತಂಗಿ ಒಳಗಿಂದ ತುಂಬಿದ ಬಿಂದಿಗೆ ತಂದು ಅವನ ಪಾದದ ಮೇಲೇ ಕುಕ್ಕಲು ಬಂದಳು. ಅವನು ಕೆಳಗಿಳಿಯಲೇಬೇಕಾಯಿತು. ಬಿಂದಿಗೆ ಬಟ್ಟೆಯ ಅಗಲವನ್ನೆಲ್ಲ ತುಂಬಿಕೊಂಡು ಕೂತಿತು.

"ಈಗ ಎಲ್ಲಿ ನಿಂತಿದೀಯ?"

"ನೆಲದ ಮೇಲೆ."

"ರಸ್ತೆ ಮೇಲೆ ಅನ್ನು. ಕಾಲು ಕೂಡಿದ ಮೇಲೆ ಇವರನ್ನ ನಿನ್ನ ಹೊಸ ರಸ್ತೆಗೇ ಹಾಕ್ತಾರಂತೆ. ಆ ಗಿಡ ಕಿತ್ತು ಪಕ್ಕದಲ್ಲಿ ನೆಡು."

"ಪಕ್ಕಕ್ಕೆ ತಂದ್ರೆ ಗಾಡಿ ಹೋಗೋ ದಾರಿ ಕಿರಿದಾಗತ್ತೆ. ಸಾಹೇಬರಿಗೆ ನಡುವೇನೇ ಹೂ ಬೇಕು. ಸಂಜೆಯೊಳಗೆ ಇದು ಅವರ ಮೇಜಿನ ಮೇಲಿರಬೇಕು, ಇಲ್ದಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ನನ್ನ ಕೆಲಸ ರಸ್ತೆ ಬರೆಯೋದು ಕಣೇ. ಆಮೇಲೆ ಗಿಡ ನೋಡ್ಕೊಳ್ಳೋದು ಬೇರೆ ವಿಭಾಗ."

"ಆ ಬೇರೆ ವಿಭಾಗ ಇಲ್ಲೇ ಕೂತಿದೆ, ಭಾವ."

ಮೂಲೆಯ ಗಾಲಿಕುರ್ಚಿಯಿಂದ ತಂಗಿಯ ಗಂಡ ಹೇಳಿದ. ಇಷ್ಟು ಹೊತ್ತೂ ಅವನು ಹಣ್ಣನ್ನು ಮುಟ್ಟಿರಲಿಲ್ಲ. ಪ್ಲಾಸ್ಟರಿನ ಕಾಲು ನೇರ ಮುಂದಕ್ಕೆ ಚಾಚಿತ್ತು. ಎರಡೂ ಗಾಲಿಗೆ ಕೈ ಹಾಕಿದವನು ಒಮ್ಮೆಗೇ ಕುರ್ಚಿಯನ್ನು ನೂಕಿಕೊಂಡು ಬಂದ.

"ಏಯ್, ಏನಿದು!"

ಗಾಲಿ ಕಾಲ ಹೆಬ್ಬೆರಳನ್ನು ಸವರಿತು. ಅಣ್ಣ ಹಿಂದಕ್ಕೆ ಹಾರಿ ಬಿಂದಿಗೆಗೆ ಬಡಿದ. ಅದು ಉರುಳಿ ನೀರು ನಡುಮನೆಯೆಲ್ಲ ಹರಿಯಿತು.

"ಲಾರಿ ಬಂದಾಗ ನಾನೂ ಹೀಗೇ ಹಾರಿ ಗಿಡದ ಮೇಲೇ ಬಿದ್ದೆ, ಭಾವ," ಎಂದ ಕುರ್ಚಿಯವನು, ಬಾಡಿಗೆಮನೆ ತೋರಿಸುವವನಷ್ಟು ಸಮಾಧಾನದಿಂದ. "ಅಲ್ಲೇ ಬಿದ್ದಿದ್ರೆ ಬಚಾವಾಗ್ತಿದ್ದೆ. ಮುಳ್ಳು. ಮುಖ ಎಲ್ಲ ತರಚ್ತು, ಕಣ್ಣು ಮುಚ್ಚಿಕೊಂಡು ವಾಪಸ್ ರಸ್ತೆಗೇ ಇಳಿದೆ. ಮುಳ್ಳಿನ ಗಿಡಾನೇ ಯಾಕೆ ಬರೆದ್ರಿ?"

ಅಣ್ಣ ಕಾಲ್ಬೆರಳು ಹಿಡಿದುಕೊಂಡು ನಿಂತಿದ್ದ. "ಜನ ಅಡ್ಡ ದಾಟಬಾರದು ಅಂತ," ಎಂದ. ದನಿ ಸಣ್ಣದಾಗಿತ್ತು.

"ನಾನು ದಾಟ್ಲಿಲ್ಲ ನೋಡಿ."

ತಂಗಿ ಒರೆಸುವ ಬಟ್ಟೆ ತರಲು ಹೋಗಲಿಲ್ಲ. "ನಿನ್ನ ಹಣ್ಣು ತಗೊಂಡು ಹೊರಡು. ಸಾಹೇಬರು ಕಾಯ್ತಿರ್ತಾರೆ," ಎಂದು ಹೊಲಿಗೆಯಂತ್ರದ ಮುಂದೆ ಕೂತು, ಬೆನ್ನು ತಿರುಗಿಸಿ ಹೊಲಿಯತೊಡಗಿದಳು.

ಅವನು ಚಪ್ಪಲಿಯವರೆಗೂ ಹೋದ. ಅಲ್ಲೇ ನಿಂತ. ಮನುಷ್ಯ ದೇವರಮನೆಯ ಹೊಸ್ತಿಲಲ್ಲಿ ನಿಲ್ಲುವುದೂ ಹೀಗೆಯೇ, ಒಳಗೂ ಅಲ್ಲ, ಹೊರಗೂ ಅಲ್ಲ. ಆಮೇಲೆ ಒದ್ದೆ ನೆಲದ ಮೇಲೆ ಹೆಜ್ಜೆ ಊರುತ್ತ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಬಿಡಿಸಿದ. ಈ ತುದಿಯಿಂದ ಆ ತುದಿಗೆ ನಟ್ಟನಡುವೆ ಹಸಿರು ಗೆರೆ, ಗೆರೆಯ ತುಂಬ ಕೆಂಪು ಚುಕ್ಕಿ.

ಪಕ್ಕದಲ್ಲಿದ್ದ ದೊಡ್ಡ ಕತ್ತರಿ ಎತ್ತಿಕೊಂಡ. ಗೆರೆಯ ಈ ಬದಿಗೊಮ್ಮೆ, ಆ ಬದಿಗೊಮ್ಮೆ ಓಡಿಸಿದ. ಹಸಿರು ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತ ಕೆಳಗಿನ ನೀರಿಗೆ ಇಳಿಯತೊಡಗಿತು.

ಯಂತ್ರ ನಿಂತಿತು. ತಂಗಿ ತಿರುಗಿ ನೋಡಿದಳು.

"ಅದು ಬಟ್ಟೆ ಕತ್ತರಿ," ಎಂದಳು ಸಿಟ್ಟಿನಿಂದಲೇ. "ಕಾಗದಕ್ಕೆ ಹಾಕಿದ್ರೆ ಮೊಂಡಾಗತ್ತೆ."

ಕಿತ್ತುಕೊಳ್ಳಲು ಮಾತ್ರ ಏಳಲಿಲ್ಲ.