ಒಂದು ಬೆರಳು ಜಾಗ

ಬ್ಯಾಗಿನೊಳಗಿನ ಸಾಂಬಾರು ಸೌತೆಕಾಯಿಯ ತಂಪು ಸೀರೆ ದಾಟಿ ತೊಡೆಗೆ ತಾಗುತ್ತಿದೆ, ಬಸ್ಸು ಕುಲುಕಿದಾಗಲೆಲ್ಲ ಚಂಪಾ ಎರಡೂ ಕೈಯಲ್ಲಿ ಬ್ಯಾಗನ್ನು ಎತ್ತಿ ಹಿಡಿಯುತ್ತಾಳೆ, ಒಳಗಿರುವುದು ಎರಡು, ನಡುವೆ ಮಡಚಿದ ಕೊಡೆ, ಈಗ ಕೊಡೆ ಅಡ್ಡ ಇಟ್ಟು ಏನು ಪ್ರಯೋಜನ, ತಾಗುವುದು ತಾಗಿ ಕೆಡುವುದು ಕೆಟ್ಟಾಯಿತು — ಎರಡರ ಹೊಟ್ಟೆಯ ಮೇಲೂ ಹೆಬ್ಬೆರಳಿನಷ್ಟೇ ಅಗಲದ ಕಪ್ಪು, ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ಸ್ಟೂಲು ಹತ್ತಿ ಒತ್ತಿ ನೋಡಿದರೆ ಬೆರಳು ಸೀದಾ ಒಳಗೆ ಹೋಯಿತು. ಎದುರು ಹೋಗಿ, ಎದುರು ಹೋಗಿ, ಬ್ಯಾಗಲ್ಲಿ ಎಂತ ಅಕ್ಕ, ಮಗುವನ್ನು ಹಿಡಿದ ಹಾಗೆ ಹಿಡಿದಿದ್ದೀರಿ, ಎಂದ ಕಂಡಕ್ಟರ್, ಮಗು ಅಲ್ಲ ಮಾರಾಯ, ಪರೀಕ್ಷೆ, ಎಂದಳು ಚಂಪಾ, ಅವನು ನಕ್ಕ, ಅವಳೂ ನಕ್ಕಳು, ನಲವತ್ತನಾಲ್ಕನೇ ವಯಸ್ಸಿಗೆ ಪರೀಕ್ಷೆ ಎಂದರೆ ಯಾರಿಗಾದರೂ ನಗು ಬರಬೇಕಾದ್ದೇ, ಎರಡು ವರ್ಷದ ಹಿಂದೆ ಕೃಷಿ ವ್ಯವಹಾರದ ಕೋರ್ಸಿಗೆ ಹೆಸರು ಕೊಟ್ಟು ಬಂದ ದಿನ ಮಗಳು ಮೋಕ್ಷಾ ಕೇಳಿದ್ದಳು, ಅಮ್ಮ, ಮೊದಲು ಮುಗಿಯುವುದು ನಿನ್ನದಾ ನನ್ನ ಡಿಗ್ರಿಯಾ, ಗಂಡ ಯೋಗೀಶ್ ಸಂಜೆ ಒಂದು ಕ್ಯಾಲ್ಕುಲೇಟರ್ ತಂದು ಮೇಜಿನ ಮೇಲಿಟ್ಟ, ಮೇಜಿನ ಮೇಲೆ ಎಂದರೆ ಒಗೆದ ಬಟ್ಟೆಯ ರಾಶಿಯ ಮೇಲೆ, ಕುದ್ರೋಳಿಯ ಆ ಮನೆಯಲ್ಲಿ ಎಲ್ಲವೂ ಒಂದಕ್ಕೊಂದು ತಾಗಿಕೊಂಡೇ ಇರುವುದು, ಅಕ್ಕಿಡಬ್ಬಕ್ಕೆ ಮೋಕ್ಷಾಳ ಪುಸ್ತಕ, ಪುಸ್ತಕಕ್ಕೆ ದೇವರ ಪಟ, ಅವಳೇ ಅದನ್ನೆಲ್ಲ ಸರಿಸಿ ಸರಿಸಿ ಒಂದು ಬೆರಳು ಜಾಗ ಮಾಡಿಕೊಂಡಳು, ಮೊದಲು ಪಠ್ಯಪುಸ್ತಕಕ್ಕೆ, ಆಮೇಲೆ ತನಗೆ. ಒಂದು ಬೆರಳು — ಅತ್ತೆ ಹೇಳುತ್ತಿದ್ದುದೂ ಅಷ್ಟನ್ನೇ, ಪೊಳಲಿಯ ಗದ್ದೆಯ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಹೆಂಚಿನ ಕೆಳಗಿನ ಮರದ ಪಕ್ಕಾಸಿಗೆ ತೂಗುಹಾಕುವಾಗ, ಒಂದಕ್ಕೊಂದು ತಾಗಬಾರದು ಚಂಪಾ, ನಡುವೆ ಒಂದು ಬೆರಳಾದರೂ ಗಾಳಿ ಬೇಕು, ಮತ್ತೆ ನಾಲ್ಕು ತಿಂಗಳು ನೀನು ತಿರುಗಿ ನೋಡುವುದು ಬೇಡ. ಅದನ್ನೇ ಅವಳು ಪ್ರಾಜೆಕ್ಟ್ ಮಾಡಿದ್ದು, ತರಗತಿಯ ಮಕ್ಕಳೆಲ್ಲ ಡ್ರೋನು, ಕೋಲ್ಡ್ ಸ್ಟೋರೇಜು ಎನ್ನುವಾಗ ಇವಳದ್ದು ಕರೆಂಟೇ ಬೇಡದ ದಾಸ್ತಾನು, ಆಂಟಿ, ಇದರಲ್ಲಿ ಟೆಕ್ನಾಲಜಿ ಎಲ್ಲಿ ಉಂಟು, ಎಂದು ಸಹಪಾಠಿ ಅಶ್ಮಿತಾ ಕೇಳಿದ್ದಳು, ಗಂಟಿನಲ್ಲಿ ಉಂಟು ಮಗಾ, ನೀನೊಂದು ಹಾಕು ನೋಡುವ — ಅಶ್ಮಿತಾ ಕಟ್ಟಿದ ಸೌತೆ ಎರಡೇ ನಿಮಿಷಕ್ಕೆ ನೆಲಕ್ಕೆ ಬಿತ್ತು. ಏಪ್ರಿಲಿನಲ್ಲಿ ತೊಂಬತ್ತೆರಡು ತೂಗುಹಾಕುವಷ್ಟರಲ್ಲಿ ಕೋಣೆ ತುಂಬಿತ್ತು, ಅಲ್ಲಿಗೆ ನಿಲ್ಲಿಸಬೇಕಿತ್ತು, ಆದರೆ ವರದಿಗೆ ನೂರು ಚಂದ, ನೂರಾದರೆ ಶೇಕಡಾ ತಾನಾಗಿ ಬರುತ್ತದೆ, ಇನ್ನೆಂಟನ್ನು ಸಂದಿಯಲ್ಲಿ ತುರುಕಿದಳು, ಅತ್ತೆ ಬದುಕಿದ್ದರೆ ಕೈಗೇ ಒಂದು ಕೊಡುತ್ತಿದ್ದರು. ಜುಲೈ ಕೊನೆಗೆ ನಾಲ್ಕು ಕೆಟ್ಟವು, ಕಾರಣ ತೊಟ್ಟಿನ ದೋಷ ಇರಬಹುದು ಎಂದು ಬರೆದಳು, ಆ ಇರಬಹುದು ಬರೆಯುವಾಗಲೇ ಕೈ ಒಮ್ಮೆ ನಿಂತಿತ್ತು, ಉಳಿದದ್ದು ತೊಂಬತ್ತಾರು ಎಂದು ವರದಿ ಬೈಂಡಾಗಿ ಹೋಯಿತು, ಇವತ್ತು ನೋಡಿದರೆ ಈ ಎರಡು, ಈಗ ಕಣ್ಣು ಮುಚ್ಚಿ ಪಕ್ಕಾಸು ಪಕ್ಕಾಸಾಗಿ ನೆನೆದರೆ ಕೆಟ್ಟ ಆರಕ್ಕೆ ಆರೂ ತುರುಕಿದ ಜಾಗದ್ದೇ. ಬೆಳಿಗ್ಗೆಯೇ ಲಯನೆಲ್ ಸರ್‌ಗೆ ಫೋನ್ ಮಾಡಿದ್ದಳು, ಬೈಂಡಾದದ್ದು ಬೈಂಡಾಯಿತು ಚಂಪಾ, ಕುದ್ರೋಳಿಗೆ ಬಂದು ಯಾರು ಎಣಿಸ್ತಾರೆ, ಎಂದರು ಪಾಠ ಮಾಡಿದ ಮೇಷ್ಟ್ರು, ಪ್ರೀತಿಯಿಂದಲೇ ಎಂದರು, ಇವತ್ತಿನ ಮೌಖಿಕ ಪರೀಕ್ಷೆಗೆ ಬಂದರಿನ ಸಗಟು ವ್ಯಾಪಾರಿ ಝುಬೈರ್ ಸಾಹೇಬರು ಬರುತ್ತಾರೆ, ಬೆಳೆಗಾರರಿಂದ ತರಕಾರಿ ಕೊಳ್ಳುವ ಕೆಲಸಕ್ಕೆ ಅಲ್ಲೇ ಒಬ್ಬರನ್ನು ಆರಿಸುತ್ತಾರೆ, ಒಬ್ಬರನ್ನೇ. ಆ ಕೆಲಸ ತನ್ನದೆಂದು ಚಂಪಾಗೆ ಗೊತ್ತು, ಗದ್ದೆಯ ಬದುವಿನಲ್ಲಿ ನಿಂತು ತುಳುವಿನಲ್ಲಿ ಚೌಕಾಸಿ ಮಾಡಬಲ್ಲಳು, ಅದೇ ಸಂಜೆ ಆ ದರವನ್ನು ಕಂಪ್ಯೂಟರಿಗೆ ಹಾಕಿ ಮುಂದಿನ ತಿಂಗಳು ಏನಾದೀತು ಎಂದು ಹೇಳಬಲ್ಲಳು, ಹೆದರಿಕೆ ಅದಕ್ಕಲ್ಲ, ಹೆದರಿಕೆ ಈ ಹೆಬ್ಬೆರಳಿನಷ್ಟು ಕಪ್ಪಿಗೆ.

ಕಂಕನಾಡಿ, ಇಳಿದಳು, ಕಾಲೇಜಿನ ಮೆಟ್ಟಿಲು, ಹೆಸರು ಕರೆದರು, ಬಾಗಿಲು, ಮೇಜು, ಮೇಜಿನಾಚೆ ಲಯನೆಲ್ ಸರ್ ಮತ್ತು ಬಿಳಿಗಡ್ಡದ ಸಾಹೇಬರು, ಅವರ ಮುಂದೆ ಅವಳದ್ದೇ ವರದಿ, ಕೈ ಬ್ಯಾಗಿನೊಳಗೆ ಹೋಯಿತು, ಹೋಗಿ ಒಂದನ್ನೇ ಹಿಡಿದು ಬಂತು, ಚಿಕ್ಕದನ್ನು, ಯಾಕೆ ಹಾಗೆ ಮಾಡಿತೋ ಕೈ, ಬಸ್ಸಿನ ದಾರಿಯುದ್ದಕ್ಕೂ ಎರಡನ್ನೂ ಇಡುವುದೆಂದೇ ಬಂದವಳು, ವರದಿ ಕೊಟ್ಟ ಮೇಲೆ ಕೆಟ್ಟದ್ದು ಇದು ಸರ್, ಎಂದಳು, ಒಂದು ಎನ್ನಲಿಲ್ಲ, ಎರಡು ಎನ್ನಲಿಲ್ಲ. ಲಯನೆಲ್ ಸರ್ ಕಿಟಕಿ ನೋಡಿದರು. ಸಾಹೇಬರು ವರದಿಯನ್ನು ಪಕ್ಕಕ್ಕೆ ಸರಿಸಿ ಸೌತೆಯನ್ನು ಎತ್ತಿಕೊಂಡರು, ತಿರುಗಿಸಿದರು, ತೊಟ್ಟು ನೋಡಿದರು, ಮೂಸಿದರು, ಹೆಬ್ಬೆರಳನ್ನು ಕಪ್ಪಿನ ಮೇಲೆ ಇಟ್ಟರು, ಸರಿಯಾಗಿ ಅಷ್ಟೇ ಅಗಲ.

ಇದರ ಜೋಡಿ ಎಲ್ಲಿ ಅಕ್ಕ, ಎಂದರು.

ಯಾವ ಜೋಡಿ ಎಂದು ಕೇಳಿದವರು ಲಯನೆಲ್ ಸರ್, ಇದು ತಾಗಿ ಕೆಟ್ಟದ್ದು ಸರ್, ತಾಗ್ಲಿಕ್ಕೆ ಇನ್ನೊಂದು ಇರಲೇಬೇಕಲ್ಲ, ಎಂದರು ಸಾಹೇಬರು, ಮತ್ತು ಚಂಪಾಗೆ ಅಳು ಬರಬೇಕಾದಲ್ಲಿ ನಗು ಬಂತು, ಅತ್ತೆಯ ನಂತರ ಇದನ್ನು ನೋಡಿ ಓದಬಲ್ಲ ಇನ್ನೊಬ್ಬರು ಈ ಊರಿನಲ್ಲಿ ಇದ್ದಾರೆ, ಬಂದರಿನಲ್ಲಿ, ಇಷ್ಟು ಹತ್ತಿರ, ಅವಳು ಕೊಡೆ ತೆಗೆದು ಕೆಳಗಿಟ್ಟು ಇನ್ನೊಂದನ್ನೂ ಮೇಜಿಗೇರಿಸಿದಳು, ಹೇಳಿದಳು, ಬೆರಳು ಜಾಗ ಬಿಟ್ಟ ಕಡೆ ಒಂದೂ ಕೆಡಲಿಲ್ಲ, ನೂರು ಮಾಡ್ಲಿಕ್ಕೆ ನಾನು ಎಂಟು ತುರುಕಿದೆ, ಕೆಟ್ಟ ಆರೂ ಅಲ್ಲಿಯದ್ದೇ, ಪುಟ ನಲವತ್ತರಲ್ಲಿ ತೊಟ್ಟಿನ ದೋಷ ಅಂತ ಬರೆದದ್ದು ತಪ್ಪು, ಹೇಳುತ್ತ ಹೇಳುತ್ತ ಕಪ್ಪಿಗೆ ಕಪ್ಪು ತಾಗಿಸಿ ತೋರಿಸಿದಳು, ಆಮೇಲೆ ತೋರುಬೆರಳನ್ನು ನಡುವೆ ತೂರಿಸಿ ಎರಡನ್ನೂ ಬೇರೆ ಮಾಡಿದಳು, ಬೆಳಿಗ್ಗೆ ಐದಕ್ಕೆ ಬಂದರಿಗೆ ಬರ್ಲಿಕ್ಕೆ ಆಗ್ತದಾ ಎಂದು ಯಾರೋ ಕೇಳುತ್ತಿದ್ದಾರೆ, ಆಗ್ತದೆ ಎಂದಳು, ಕೇಳಿದ್ದು ಕಿವಿ, ಹೇಳಿದ್ದು ಬಾಯಿ, ಕಣ್ಣು ಮಾತ್ರ ಮೇಜಿನ ಮೇಲೆಯೇ — ಎರಡು ಸೌತೆ, ಎರಡು ಕಪ್ಪು, ನಡುವೆ ಬೆರಳು ತೆಗೆದ ಮೇಲೂ ಹಾಗೇ ಉಳಿದ ಒಂದು ಬೆರಳು ಜಾಗ.