ಪಂಕ್ತಿಯಲ್ಲಿ ಬೆಳೆದ ಉಲ್ಕೆ

ತಂಬುಳಿಯ ಸೌಟು ಹಿಡಿದು ಬಾಗುವಷ್ಟರಲ್ಲಿ ಅದು ತೆಂಗಿನಕಾಯಿಯಷ್ಟಾಗಿದೆ, ಉಪ್ಪು ಬಡಿಸುವಾಗ ಬರೀ ನಿಂಬೆಹಣ್ಣಿನಷ್ಟಿತ್ತು, ನನ್ನ ಗಂಡ ದಿನಕರನ ಬಾಯಲ್ಲಿ ಉಲ್ಕೆಯೂ ಬೆಳೆಯುತ್ತದೆ, ಮತ್ತಿಘಟ್ಟದ ಕಮಲಾಕರ ಭಾವನ ಮನೆಗೆ ಸತ್ಯನಾರಾಯಣ ಕಥೆಗೆಂದು ಬಂದವರಿಗೆಲ್ಲ ಈಗ ಈ ಕಥೆಯೇ ರುಚಿ — ಹಸಿರು ಬೆಳಕು ಮಾರಾಯ, ಆಕಾಶಕ್ಕೇ ಬೆಂಕಿ ಬಿದ್ದಾಂಗೆ — ಹೌದು, ಹಸಿರೇ, ಆದರೆ ಅದನ್ನು ಇವನಿಗೆ ಹೇಳಿದ್ದು ನಾನು, ಇವನೆಲ್ಲಿ ನೋಡಿದ, ಮೊನ್ನೆ ಸಂಜೆ ಏಳೂವರೆ, ನಾನು, ಇವನು, ಮಗಳು, ಮೂವರೂ ನಮ್ಮನೆ ಅಂಗಳದಲ್ಲಿದ್ದೆವು, ಕಂಬದ ನೆರಳು ಇದ್ದಕ್ಕಿದ್ದಂತೆ ನೆಲದ ಮೇಲೆ ಸರ್ರನೆ ತಿರುಗಿತು, ತಲೆಯೆತ್ತಿದರೆ ಬೆಂಕಿಯುಂಡೆ ಯಲ್ಲಾಪುರದ ದಿಕ್ಕಿಗೆ ಹರಿಯುತ್ತಿದೆ, ಬಾಲ ಚೂರುಚೂರಾಗಿ ಉದುರುತ್ತಿದೆ, ಎಷ್ಟು ಚೆಂದವಿತ್ತು, ಉಸಿರಾಡುವುದನ್ನೇ ಮರೆತೆ, ಅಯ್ಯೋ ಕೊಳ್ಳಿದೆವ್ವ, ಎಂದು ಕಿರುಚಿದವನು ಇವನೇ, ಬಿಎಸ್ಸಿ ಓದಿದವನು, ಈಗ ನೋಡಿ ವೇಗ, ಎತ್ತರ, ಕಬ್ಬಿಣದ ಅಂಶ, ಎಲ್ಲ ಮರುದಿನ ಮೊಬೈಲಿನಲ್ಲಿ ಓದಿದ್ದು, ಸಾರು, ಸಾರು ಬೇಕಾ ಸಾರು, ಸಾರಿಗೆ ಬರುವಾಗ ಅದು ಕಾರಿನಷ್ಟು, ಬೆಳೆಯಲಿ, ಪಾಯಸಕ್ಕೆ ಬಸ್ಸಾಗಲಿ, ನನಗೇನು, ಇವನ ಬಡಾಯಿ ಕೇಳಿ ಕೇಳಿ ಸಿಟ್ಟೂ ಬರುವುದಿಲ್ಲ, ಅಸಹ್ಯ, ಅಷ್ಟೇ — ಆನಂತೂ ಹೆದ್ರಿದ್ನೇ ಇಲ್ಲೆ, ಕೂಸಿನ ಎತ್ಕಂಡು ಅಂಗಳದಲ್ಲೇ ನಿಂತಿದ್ದಿ — ಏನಂದ, ಕೂಸನ್ನು ಇವನು ಎತ್ತಿಕೊಂಡು ನಿಂತಿದ್ದನಂತಾ?

ಪಾಯಸದ ಪಾತ್ರೆ ಯಾಕಿಷ್ಟು ಭಾರ, ಅವನ ಪಕ್ಕದ ಎಲೆಯಲ್ಲಿ ಸ್ಫೂರ್ತಿ, ಆರು ವರ್ಷದ ನನ್ನ ಮಗಳು, ಕೈಯಲ್ಲಿ ತುತ್ತು ಹಿಡಿದವಳು ಹಾಗೇ ಕೇಳುತ್ತಿದ್ದಾಳೆ, ತಲೆಯಾಡಿಸುತ್ತಿದ್ದಾಳೆ, ಹೌದು, ಅಪ್ಪ ಎನ್ನ ಎತ್ಕಂಡಿದ್ದ, ಅವಳ ಮುಖದಲ್ಲಿ ಎಂಥ ಹೆಮ್ಮೆ, ಅಂದರೆ ಇನ್ನು ಅವಳಿಗೆ ಇದೇ ನೆನಪು, ಆಕಾಶವನ್ನು ನನ್ನಿಂದ ಕದ್ದುಕೊಳ್ಳಲಿ ಬಿಡು, ಮಗಳ ಹೆದರಿಕೆಯನ್ನೂ ಕದಿಯುತ್ತಾನಲ್ಲ, ನಾಚಿಕೆಗೇಡಿ, ಹೌದಲ್ದಾ ಆಯಿ, ಅವಳು ನನ್ನನ್ನೇ ಕೇಳುತ್ತಿದ್ದಾಳೆ, ಪಂಕ್ತಿಯೆಲ್ಲ ನನ್ನ ಕಡೆ ತಿರುಗಿದೆ, ಅವನೊಬ್ಬ ಮಾತ್ರ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಾನೆ, ಕಲಸಿದ್ದನ್ನೇ ಕಲಸುತ್ತಿದ್ದಾನೆ, ಹೇಳಲಾ, ನಮ್ಮಿಬ್ಬರನ್ನೂ ಹೊರಗೆ ಬಿಟ್ಟು ಒಳಗೋಡಿ ಚಿಲಕ ಹಾಕಿಕೊಂಡವನು ಯಾರೆಂದು ಹೇಳಲಾ, ಹೇಳಿದರೆ ಇವಳ ಪಾಲಿಗೆ ಎಂಥ ಅಪ್ಪ ಉಳಿಯುತ್ತಾನೆ, ಹೌದು ಕೂಸೇ, ಎಂದಿತು ಬಾಯಿ, ನನ್ನದೇ ಬಾಯಿ, ಥೂ, ಅವನ ಎಲೆಗೆ ಇನ್ನೊಂದು ಸೌಟು ಪಾಯಸವನ್ನೂ ಬಡಿಸಿತು ನನ್ನದೇ ಕೈ, ಹಸಿರು ಬೆಳಕು, ಮುಚ್ಚಿದ ಬಾಗಿಲು, ಬಾಗಿಲ ಮೇಲೆ ಎರಡು ಪುಟ್ಟ ಅಂಗೈ, ಅಪ್ಪಾ ಅಪ್ಪಾ ಎಂದು ಬಡಿಯುವ ಅಂಗೈ, ಹಸಿರು, ಬಾಗಿಲು, ಅಂಗೈ —