ಶಿಪ್ಕಾದ ಮೆಟ್ಟಿಲ ಮೇಲೆ ಹಂಚಿದ ಗೋಧಿ

ನಮ್ಮ ಮುತ್ತಜ್ಜ ರಾಲ್ಚೊನಿಗೆ ಗೋರಿಯಿಲ್ಲ. ಬಲ್ಗೇರಿಯಾದಲ್ಲಿ ತುರ್ಕರ ವಿರುದ್ಧ ಯುದ್ಧ ನಡೆದಾಗ ಶಿಪ್ಕಾ ಬೆಟ್ಟದ ಮೇಲೆ ಸತ್ತ. ಗುಂಡು ಮುಗಿದ ಮೇಲೆ ಕಲ್ಲು ಎತ್ತಿ ಎಸೆದು ಕಾದಾಡಿದವರಲ್ಲಿ ಅವನೂ ಇದ್ದನಂತೆ. ಎಲ್ಲಿ ಹೂಳಿದರೋ ಯಾರಿಗೂ ತಿಳಿಯದು. ಬೆಟ್ಟದ ತುದಿಯಲ್ಲಿ ಕಟ್ಟಿದ ಕಲ್ಲಿನ ಗೋಪುರವನ್ನೇ ಅವನ ಗೋರಿ ಎಂದುಕೊಂಡಿದ್ದೇವೆ.

ಹಿರಿಯರ ಶನಿವಾರ ನಾವು ಗೋಧಿ ಬೇಯಿಸಿ, ಬಟ್ಟೆಯ ಮೇಲೆ ಆರಿಸಿ, ಸಕ್ಕರೆ, ಅಕ್ರೋಟು ಕಲಸಿ ಸತ್ತವರ ಹೆಸರಲ್ಲಿ ಹಂಚುತ್ತೇವೆ. ಈ ಸಲ ನನ್ನ ಅಕ್ಕ ಸ್ತೋಯ್ನಾ ಹಟ ಹಿಡಿದಳು. ಅವಳಿಗೆ ಎಂಬತ್ತೆರಡು ವರ್ಷ, ಎರಡೂ ಮಂಡಿ ಸವೆದಿವೆ.

"ಗೋಧಿ ಮುತ್ತಜ್ಜನ ಬಾಗಿಲಿಗೇ ಮುಟ್ಟಬೇಕು ಕಣೋ ಗಾನ್ಚೊ. ಇಷ್ಟು ವರ್ಷ ನಮ್ಮ ಮನೆಯವರು ಒಂದು ಹಿಡಿನೂ ತಗೊಂಡು ಹೋಗಿ ಇಟ್ಟಿಲ್ಲ."

ಪ್ಲೆವೆನ್ ಕಡೆಯ ನಮ್ಮೂರಿಂದ ಎರಡು ಬಸ್ಸು ಬದಲಾಯಿಸಿ ಬಂದೆವು. ಎದುರಿಗೆ ಗೋಪುರಕ್ಕೆ ಹತ್ತುವ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು.

"ಅಕ್ಕಾ, ಹಿಂದಿನಿಂದ ಕಾರು ಹೋಗೋ ದಾರಿ ಇದೆ. ಯಾರನ್ನಾದ್ರೂ ಕೇಳ್ತೀನಿ."

"ಮುತ್ತಜ್ಜ ಏನು ಕಾರಲ್ಲಿ ಹೋಗಿದ್ನಾ? ನಡಿ."

ಹತ್ತು ಮೆಟ್ಟಿಲು ಹತ್ತುವುದು, ನಿಲ್ಲುವುದು. ಗೋಧಿಯ ಬೋಗುಣಿ ಅವಳ ಕೈಯಲ್ಲೇ, ನನಗೆ ಕೊಡಲಿಲ್ಲ. ನಾವು ಮಾಡಿದ ತಪ್ಪು ಆಮೇಲೆ ಗೊತ್ತಾಯಿತು. ಈ ಗೋಧಿ ಹಿಡಿದು ಹೋಗುವಾಗ ನಮಸ್ಕಾರ ಎಂದವರಿಗೆ ಒಂದು ಹಿಡಿ ಕೊಡದೆ ದಾಟುವಂತಿಲ್ಲ. ನಮ್ಮೂರ ದಾರಿಯಲ್ಲಾದರೆ ನಾಲ್ಕು ಜನ ಸಿಕ್ಕಾರು. ಇಲ್ಲಿ ಬಸ್ಸುಗಟ್ಟಲೆ ಜನ, ಎದುರಾದವರೆಲ್ಲ ನಮಸ್ಕಾರ ಎನ್ನುವವರೇ. ಚರ್ಮದ ಕೋಟಿನ ಮೋಟಾರ್ ಸೈಕಲ್ಲಿನವರು ಏಳು ಜನ ಸಾಲಾಗಿ ಕೈಚಾಚಿ, ಸತ್ತವರಿಗಾಗಿ ಹೇಳುವಂತೆ "ದೇವರು ಕ್ಷಮಿಸಲಿ" ಎಂದು ಬಾಯಿಗೆ ಹಾಕಿಕೊಂಡರು. ಒಬ್ಬನಂತೂ ಎರಡನೇ ಸಲ ಬಂದ.

"ನಿಂಗೆ ಆಗ್ಲೇ ಕೊಟ್ಟೆನಲ್ಲೋ ಗಡ್ಡದವನೇ?"

"ಅದು ನನ್ನ ತಮ್ಮ ಅಜ್ಜೀ. ಗಡ್ಡ ಒಂದೇ ಥರ."

ಅಕ್ಕ ನಕ್ಕು ಅವನಿಗೂ ಕೊಟ್ಟಳು. ನಾನು ಬೋಗುಣಿ ಇಣುಕಿ ನೋಡಿದೆ.

"ಅಕ್ಕಾ, ಶಾಲಲ್ಲಿ ಮುಚ್ಕೊಂಡು ನಡಿ. ಮುಗಿದುಹೋಗುತ್ತೆ."

"ಮುಚ್ಕೊಂಡು ಹೋಗೋದಕ್ಕೆ ಇದೇನು ಕದ್ದ ಮಾಲಾ?" ಎಂದಳು. ಆದರೆ ಅವಳೂ ಆಮೇಲೆ ಜನ ಕಂಡರೆ ತಲೆ ತಗ್ಗಿಸಿ, ಚಪ್ಪಲಿ ನೋಡಿಕೊಂಡು ಹತ್ತತೊಡಗಿದಳು.

ಇನ್ನೇನು ಮೂವತ್ತು ಮೆಟ್ಟಿಲು ಇರುವಾಗ ಬೋಗುಣಿಯಲ್ಲಿ ಒಂದೇ ಹಿಡಿ ಉಳಿದಿತ್ತು. ಅಲ್ಲಿ ನಮ್ಮ ವಯಸ್ಸಿನವನೊಬ್ಬ ಏದುಸಿರು ಬಿಡುತ್ತ ಕುಳಿತಿದ್ದ.

"ನಮಸ್ಕಾರ ತಾಯೀ," ಎಂದ. ಹಳೆಯ ಕಾಲದ ಬಲ್ಗೇರಿಯನ್ ಮಾತು. ಹೆಸರು ನೆಜ್ಮಿ, ಹುಟ್ಟಿದ್ದು ಕರ್ಜಾಲಿಯಲ್ಲಿ, ಈಗ ಗಡಿಯಾಚೆ ಎದಿರ್ನೆಯಲ್ಲಿದ್ದಾನಂತೆ. ತುರ್ಕ.

"ಇಲ್ಲಿ ನಿಮ್ಮವರು ಯಾರಿದ್ದಾರೆ?" ಅಕ್ಕ ಕೇಳಿದಳು.

"ಮುತ್ತಾತ. ಯುದ್ಧದಲ್ಲಿ ಕೆಳಗಿಂದ ಹತ್ತಿದೋನು. ಇಳಿದು ಬರಲಿಲ್ಲ."

ಅಕ್ಕ ಬೋಗುಣಿ ನೋಡಿದಳು, ಮೇಲೆ ಗೋಪುರದ ಬಾಗಿಲು ನೋಡಿದಳು. ಅದು ಅವಳು ಹೊತ್ತ ಗೋಧಿ, ತೀರ್ಮಾನವೂ ಅವಳದೇ.

"ಎರಡೂ ಕೈ ಹಿಡಿ," ಎಂದು ಬೋಗುಣಿ ಬಗ್ಗಿಸಿದಳು. ಅಂಟಿದ್ದನ್ನೂ ಬೆರಳಿನಿಂದ ಬಳಿದು ಹಾಕಿದಳು.

ನೆಜ್ಮಿ ನಿಧಾನಕ್ಕೆ ಅಗಿದ. "ದೇವರು ಕ್ಷಮಿಸಲಿ. ನಮ್ಮಲ್ಲೂ ಗೋಧಿ ಬೇಯಿಸ್ತೀವಿ. ಇದಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಆಯ್ತು."

"ಕೊನೇ ಹಿಡಿ ತಿಂದುಬಿಟ್ಟು ಕೊಂಕು ಬೇರೆ!" ಎಂದಳು ಅಕ್ಕ. ಮೂವರೂ ನಕ್ಕೆವು.

ಉಳಿದ ಮೆಟ್ಟಿಲನ್ನು ಅವನ ತೋಳು ಒಂದು ಕಡೆ, ನನ್ನ ತೋಳು ಒಂದು ಕಡೆ ಹಿಡಿದು ಹತ್ತಿದಳು. ಬಾಗಿಲ ಮೇಲಿನ ಕಂಚಿನ ಸಿಂಹದ ಕೆಳಗೆ ನಿಂತು, ಗೋಡೆಗೆ ಅಂಗೈ ಊರಿ ಹೇಳಿದಳು:

"ಮುತ್ತಜ್ಜಾ, ಸ್ತೋಯ್ನಾ ಬಂದಿದ್ದೀನಿ. ನಿನ್ನ ಪಾಲನ್ನ ಇವನಿಗೆ ಕೊಟ್ಟುಬಿಟ್ಟೆ. ಹಸಿದು ಕೂತಿದ್ದ."

ಕಲ್ಲು ಬಿಸಿಲಿಗೆ ಕಾದು ಬೆಚ್ಚಗಿತ್ತು. ಅಕ್ಕ ಅದಕ್ಕೇ ಬೆನ್ನು ಕೊಟ್ಟು ಕುಳಿತು ಕಾಲು ಚಾಚಿದಳು. ನೆಜ್ಮಿ ಚೀಲದಿಂದ ಸೌತೆಕಾಯಿ ತೆಗೆದು ಹೆಚ್ಚಿ ಉಪ್ಪು ಸವರಿದ.

"ಉಪ್ಪು ಜಾಸ್ತಿ ಆಯ್ತು," ಎಂದಳು ಅಕ್ಕ, ಇನ್ನೊಂದು ಹೋಳು ತೆಗೆದುಕೊಳ್ಳುತ್ತ.